ಅಮವಾಸ್ಯೆಯ ದಿನ ಹಚ್ಚಿದ ಪ್ಲೇಟು

ನಿಮ್ಮ ಫೋನಿನಲ್ಲಿ ಕುಣಿಯುವ ಹಾಡಿನ ಹೊಟ್ಟೆಯೊಳಗೆ ನಮ್ಮ ಬನಹಟ್ಟಿಯ ಮಗ್ಗವೊಂದು ಕೂತಿದೆ ಎಂದರೆ ನಂಬುತ್ತೀರಾ? ನಂಬಬೇಡಿ ಬಿಡಿ. ನಾನೂ ಯಾರನ್ನೂ ಅಷ್ಟು ಸುಲಭಕ್ಕೆ ನಂಬುವವಳಲ್ಲ. ಈ ಫೋನನ್ನೇ ನಂಬುವುದಿಲ್ಲ. ಟೈಪ್ ಮಾಡುವುದನ್ನು ಕಲಿತು ಎರಡು ತಿಂಗಳಾಯಿತು. ನಾನು ಅರ್ಧ ಶಬ್ದ ಒತ್ತುವಷ್ಟರಲ್ಲಿ ಉಳಿದರ್ಧವನ್ನು ಅದೇ ಮುಂದಿಡುತ್ತದೆ. ನನ್ನ ಮನಸ್ಸಿನಲ್ಲಿದ್ದದ್ದು ಅದಕ್ಕೆ ಹೇಗೆ ತಿಳಿಯಿತು? ಯಾರು ಹೇಳಿದರು?

ಹೋದ ವಾರ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಮೊಮ್ಮಗಳು ಮೇಘಾ ಜಮಖಂಡಿಯ ಕಾಲೇಜಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಹಾಡು ಹಚ್ಚಿದಳು. ಟಕ್-ಧಡ್, ಟಕ್-ಟಕ್-ಧಡ್. ನನ್ನ ಕೈ ಹಿಟ್ಟಿನಲ್ಲೇ ನಿಂತುಬಿಟ್ಟಿತು.

"ಅದನ್ನ ಎಲ್ಲಿಂದ ಕದ್ದಿ?" ಎಂದೆ.

"ಕದಿಯೂದೇನ ಆಯಿ? ಹೊಸಾ ಹಾಡ ಐತಿ. ಮೊನ್ನಿ ಬಂದೈತಿ."

"ಸುಳ್ಳ ಹೇಳಬ್ಯಾಡ. ಅದು ನಮ್ಮ ಮಾಳಿಗಿ ಮ್ಯಾಲಿನ ಟ್ರಂಕಿನಾಗ ಐತಿ."

ನನ್ನ ಬುದ್ಧಿ ಕೆಟ್ಟಿತೆಂದು ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಹುಡುಗಿಯರು ಮುದುಕಿಯರನ್ನು ಎಷ್ಟು ಬೇಗ ಅನುಮಾನಿಸುತ್ತಾರೆ ನೋಡಿ! ಆದರೆ ಟ್ರಂಕು ಇದೆ, ಅದರಲ್ಲಿ ಹಳೆಯ ಧೋತರದಲ್ಲಿ ಸುತ್ತಿಟ್ಟ ಹಾಡಿನ ಪ್ಲೇಟೂ ಇದೆ. ನಲವತ್ತು ವರ್ಷದ ಕೆಳಗೆ ನಮ್ಮ ಯಜಮಾನರು ಸೀರೆಯ ಗಂಟು ಹೊತ್ತು ಮುಂಬಯಿಗೆ ಹೋದವರು ಅದನ್ನು ರಸ್ತೆಯ ಬದಿಯಲ್ಲಿ ಹಳೆಯ ಸಾಮಾನು ಹರವಿಕೊಂಡವನ ಹತ್ತಿರ ಕೊಂಡು ತಂದರು. ಹಾಡು ಕೇಳಲು ತಂದದ್ದಲ್ಲ. ಅದರ ಹೊದಿಕೆಯ ಮೇಲೆ ಕಪ್ಪು, ಕೆಂಪು, ಮತ್ತೆ ಕಪ್ಪು ಗೆರೆಗಳಿದ್ದವು. ಸೀರೆಯ ಅಂಚಿಗೆ ಛಲೋ ಡಿಸೈನು ಆಗುತ್ತದೆಂದು ತಂದದ್ದು. ನೇಕಾರನ ಕಣ್ಣು ಎಲ್ಲಿ ಹೋದರೂ ಅಂಚನ್ನೇ ಹುಡುಕುತ್ತದೆ.

ನನಗೆ ಮೊದಲ ದಿನವೇ ಅದರ ಮೇಲೆ ಸಂಶಯ. ಹಾಡಿದವರ ಫೋಟೊ ಇಲ್ಲ. ತಬಲಾದವನಿಲ್ಲ, ಪೇಟಿಯವನಿಲ್ಲ. ಪಡಸಾಲೆಯಲ್ಲಿದ್ದ ನನ್ನ ತವರಿನ ರೆಕಾರ್ಡ್ ಪ್ಲೇಯರಿನ ಮೇಲೆ ಹಚ್ಚಿದರೆ ಒಳಗಿಂದ ಬರೀ ಯಂತ್ರದ ದನಿ. ಒಮ್ಮೆ ಹನಿ ಬಿದ್ದಂತೆ, ಒಮ್ಮೆ ಗಿರಣಿ ತಿರುಗಿದಂತೆ, ನಡುನಡುವೆ ಟಕ್-ಧಡ್, ಟಕ್-ಟಕ್-ಧಡ್. ಮನುಷ್ಯರಿಲ್ಲದ ಮನೆಯಲ್ಲಿ ಯಾರೋ ಓಡಾಡಿದ ಹಾಗೆ. "ಇದರಾಗ ಯಾರ್ ಅದಾರ್ರಿ?" ಎಂದು ಕೇಳಿದರೆ ಯಜಮಾನರು, "ಯಾರೂ ಇಲ್ಲ. ಕರೆಂಟ್ ಹಾಡತೈತಿ" ಎಂದರು. ಕರೆಂಟು ನಮ್ಮೂರಿನಲ್ಲಿ ದಿನಕ್ಕೆ ನಾಲ್ಕು ಸಲ ಹೋಗುತ್ತಿತ್ತು. ಹಾಡುವಷ್ಟು ತಾಕತ್ತು ಅದಕ್ಕೆಲ್ಲಿಂದ ಬರಬೇಕು?

ಮೇಘಾಗೆ ಹೊದಿಕೆಯ ಗೆರೆಗಳನ್ನು ವರ್ಣಿಸಿ ಹೇಳಿದೆ. ಫೋನಿನಲ್ಲಿ ಎರಡು ನಿಮಿಷಕ್ಕೆ ಹುಡುಕಿ ತೆಗೆದಳು, ಅವೇ ಗೆರೆಗಳು! ಅದರ ಹೆಸರು ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ. ಯಾವುದೋ ದೂರದೇಶದಲ್ಲಿ ಮೂರ್ನಾಲ್ಕು ಜನ ತಂತಿ, ಪೆಟ್ಟಿಗೆ ಇಟ್ಟುಕೊಂಡು ಕೋಣೆಯ ಬಾಗಿಲು ಹಾಕಿ ಅದನ್ನು ಮಾಡಿದರಂತೆ. ಇದೂ ಒಂದು ಸಂಗೀತವೇ ಎಂದು ಆಗ ಜನ ನಕ್ಕರಂತೆ. ಆಮೇಲೆ ಒಬ್ಬೊಬ್ಬರೇ ಬಂದು ಅದರಿಂದ ಚೂರು ಚೂರು ಎತ್ತಿಕೊಂಡು ಹೋದರಂತೆ.

"ಈಗಿನ ಅರ್ಧಾ ಹಾಡು ಇದರ ಮೊಮ್ಮಕ್ಕಳ ಆಯಿ" ಎಂದಳು.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಹಿಪ್ಪರಗಿಯ ಕಡೆಯಿಂದ ಕಬ್ಬು ಹೇರಿಕೊಂಡು ಬರುವ ಟ್ರ್ಯಾಕ್ಟರಿನಲ್ಲಿ ಅದೇ ಬಡಿತ. ಮುಧೋಳದ ಮದುವೆಯಲ್ಲಿ ಆಳೆತ್ತರದ ಸ್ಪೀಕರಿನಲ್ಲೂ ಅದೇ. ತಾಟಿನ ಮೇಲಿನ ಬುಂದಿ ಕೂಡ ತಾಳಕ್ಕೆ ನಡುಗುತ್ತಿತ್ತು. ಎಲ್ಲರೂ ನನ್ನ ಗುಟ್ಟನ್ನೇ ಬಾರಿಸುತ್ತಾ ಊರು ಸುತ್ತುತ್ತಿದ್ದಾರೆಂದು ನನಗೆ ಅನಿಸತೊಡಗಿತು.

ಗುಟ್ಟು ಯಾವುದೆಂದು ನಿಮಗೆ ಮಾತ್ರ ಹೇಳುತ್ತೇನೆ.

ನಮ್ಮ ಓಣಿಯಲ್ಲಿ ಅಮವಾಸ್ಯೆಯ ದಿನ ಮಗ್ಗ ಮುಟ್ಟುವುದಿಲ್ಲ. ತೊಳೆದು, ವಿಭೂತಿ ಹಚ್ಚಿ, ಚಾದರ ಹೊದಿಸಿ ಬಿಡುತ್ತಾರೆ. ಆ ದಿನ ಅದಕ್ಕೂ ನಿದ್ದೆ. ಈ ಕಟ್ಟು ಮುರಿದವರ ಮನೆಯ ಹಾಸು ಹಾಕಲು ಯಾರೂ ಹೋಗುತ್ತಿರಲಿಲ್ಲ. ಹಾಸು ಎಂದರೆ ನೂಲನ್ನು ಬೀದಿಯುದ್ದಕ್ಕೂ ಎಳೆದು, ಗಂಜಿ ಕೊಟ್ಟು, ಬಿಸಿಲೇರುವ ಮೊದಲು ಒಣಗಿಸಿ ಸುತ್ತುವುದು. ಹತ್ತು ಹದಿನೈದು ಜೋಡಿ ಕೈ ಬೇಕು. ಓಣಿಯವರು ಬರದಿದ್ದರೆ ಮಗ್ಗಕ್ಕೆ ನೂಲಿಲ್ಲ, ಮನೆಯಲ್ಲಿ ಒಲೆ ಇಲ್ಲ.

ನನ್ನ ತಂಗಿಯನ್ನು ಬೀಳಗಿಗೆ ಕೊಟ್ಟಿತ್ತು. ಅಮವಾಸ್ಯೆಯ ಮರುದಿನವೇ ಬಸುರಿಯಾಗಿದ್ದ ಅವಳ ಕುಬಸ, ಅಂದರೆ ಸೀಮಂತ. ನಾನೇ ನೇಯ್ದ ಹಸಿರು ಸೀರೆ ಉಡಿಸುತ್ತೇನೆಂದು ಮಾತು ಕೊಟ್ಟಿದ್ದೆ. ಹಿಂದಿನ ಕೋಣೆಯ ಕುಣಿಮಗ್ಗ ನನ್ನದು, ಯಜಮಾನರದು ಮುಂದಿನದು. ನಡುವೆ ಜ್ವರ ಬಂದು ಮಲಗಿದೆ. ಎದ್ದು ನೋಡಿದರೆ ಒಂದೂವರೆ ಮೊಳ ಬಾಕಿ, ತಲೆಯ ಮೇಲೆ ಅಮವಾಸ್ಯೆ.

ಯಜಮಾನರು ಊಟ ಮಾಡಿ ರಬಕವಿಯ ಗೆಳೆಯನ ಮನೆಗೆಂದು ಹೊರಟರು. ಅವರು ಓಣಿ ದಾಟಿದ್ದನ್ನು ನೋಡಿ ನಾನು ಪಡಸಾಲೆಯಲ್ಲಿ ಆ ಪ್ಲೇಟು ಹಚ್ಚಿದೆ. ದನಿ ಪೂರ್ತಿ ಏರಿಸಿದೆ. ಹಿಂದಿನ ಕೋಣೆಯ ಬಾಗಿಲು ಮುಚ್ಚಿ, ಚಾದರ ಸರಿಸಿ, ಕುಣಿಯೊಳಗೆ ಕಾಲು ಇಳಿಬಿಟ್ಟೆ. ಯಂತ್ರ ಟಕ್ ಎಂದರೆ ಲಾಳಿ ಎಸೆದೆ, ಧಡ್ ಎಂದರೆ ಹಣಿಗೆ ಬಡಿದೆ. ನಾನು ಅಷ್ಟು ನೆಟ್ಟಗೆ ಎಂದೂ ನೇಯ್ದಿರಲಿಲ್ಲ. ಸೀರೆ ಮುಗಿಸಿ, ಕತ್ತರಿಸಿ, ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟು, ಚಾದರ ಹೊದಿಸಿ ಕೈ ತೊಳೆದುಕೊಂಡೆ. ನಿನ್ನೆಯೇ ಮುಗಿಸಿದ್ದೆನೆಂದು ಹೇಳಿದರಾಯಿತು, ಗಂಡಸರು ಹೆಂಡತಿಯ ಮೊಳ ಎಣಿಸುವುದಿಲ್ಲ.

ಆದರೆ ಪಕ್ಕದ ಮನೆಯ ಕಲ್ಲಪ್ಪ ಕಾಕಾನ ಕಿವಿ! ಕಟ್ಟೆಯ ಮೇಲೆ ಕೂತು ಮೂರು ಮನೆಯಾಚೆ ಎಳೆ ಕಡಿದದ್ದನ್ನು ಹೇಳುವ ಮನುಷ್ಯ. ಸಂಜೆ ಯಜಮಾನರು ಮನೆಗೆ ಬಂದ ಮೇಲೆ ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ನಮ್ಮ ಪಡಸಾಲೆಗೆ ಬಂದ.

"ಇವತ್ತ ನಿಮ್ಮ ಮನ್ಯಾಗ ಮಗ್ಗಾ ನಡದೈತಿ" ಎಂದ.

"ಪ್ಲೇಟ ಹಚ್ಚಿದ್ವಿ ಕಾಕಾ" ಎಂದರು ಯಜಮಾನರು. ನಾನು ಕಂಬದ ಹಿಂದೆ ಸೆರಗು ಕಚ್ಚಿಕೊಂಡು ನಿಂತಿದ್ದೆ.

"ಪ್ಲೇಟಿಗೂ ಮಗ್ಗಕ್ಕೂ ಫರಕ್ ತಿಳೀದಷ್ಟು ಕಿವುಡ ಆಗೀನೇನ್ ನಾ? ಹಚ್ಚ ನೋಡೂಣು."

ಹಚ್ಚಿದರು. ಐದೂ ಜನ ಕಣ್ಣು ಮುಚ್ಚಿ ಕೇಳಿದರು. ಕಾಕಾನ ಪಾದ ತಾನಾಗಿಯೇ ನೆಲ ತುಳಿಯತೊಡಗಿತು. ಕೊನೆಗೆ ಕಣ್ಣು ಬಿಟ್ಟು, "ಖರೆ. ಇದರಾಗ ಮಗ್ಗಾ ಐತಿ. ಆದ್ರ ಎಡಗಾಲ ಹಲಗಿ ಹಗ್ಗಾ ಸಡ್ಲ ಆಗೈತಿ. ಬಿಗೀರಿ ಅಂತ ಪ್ಲೇಟ ಮಾಡಿದ ಮಂದಿಗೆ ಒಂದ್ ಕಾಗದಾ ಬರಿ" ಎಂದ. ಉಳಿದವರು ತಲೆಯಾಡಿಸಿದರು. ಆದರೂ ಒಬ್ಬರು ಬಿಡಲಿಲ್ಲ. "ವಿಭೂತಿ ಮುಟ್ಟಿ ಹೇಳಪಾ" ಎಂದರು. ಯಜಮಾನರು ದೇವರ ಜಗಲಿಗೆ ಹೋಗಿ ವಿಭೂತಿ ಮುಟ್ಟಿ, "ನಮ್ಮ ಮನ್ಯಾಗ ಇವತ್ತ ಮಗ್ಗಾ ನಡದಿಲ್ಲ" ಎಂದರು. ಸುಳ್ಳಾಡಿ ಗೊತ್ತಿಲ್ಲದ ಮನುಷ್ಯ.

ಮರುದಿನ ಬೀಳಗಿಯಲ್ಲಿ ತಂಗಿ ಸೀರೆ ಉಟ್ಟಳು, ಎಲ್ಲರೂ ಹೊಗಳಿದರು. ಅವಳ ಹೆರಿಗೆ ಸುಖವಾಗಿ ಆಗುವವರೆಗೆ ನಾನು ನಿದ್ದೆ ಮಾಡಲಿಲ್ಲ. ಆಮೇಲೂ ಯಜಮಾನರಿಗೆ ಕೆಮ್ಮು ಬಂದರೆ ಆ ಸುಳ್ಳು ಆಣೆಯ ಫಲವೇ ಎಂದುಕೊಂಡೆ. ಮಂಡಿ ನೋವು ಬಂದಾಗಲೂ ಅದೇ. ನಲವತ್ತು ವರ್ಷ ಅವರ ಬೇನೆಗಳನ್ನೆಲ್ಲ ನನ್ನ ತಲೆಯ ಮೇಲೆ ಹೊತ್ತುಕೊಂಡೆ.

ನಿನ್ನೆ ಮೇಘಾ ಪ್ಲೇಟನ್ನು ಕೆಳಗಿಳಿಸಿ ಅಜ್ಜನ ಕೈಯಲ್ಲಿ ಕೊಟ್ಟು ಫೋನು ಹಿಡಿದಳು. "ಮುತ್ಯಾ, ನೀ ಮೊನ್ನಿ ಹೇಳಿದ್ಯಲ್ಲಾ, ಕಾಕಾ ಪ್ಲೇಟ ಕೇಳಿದ ಅಮವಾಸಿ ಕಥಿ, ಅದನ್ನ ಹೇಳು. ಎಲ್ಲಾರೂ ನೋಡ್ಲಿ."

ಅವರಿಗೆ ಹುರುಪು. "ಬರೇ ಹೇಳೂದಲ್ಲ, ಮುಟ್ಟೇ ಹೇಳ್ತೀನಿ. ವಿಭೂತಿ ತಾ ಬೇ" ಎಂದು ಮೊಮ್ಮಗಳಿಗೆ ಕೈ ಚಾಚಿದರು.

ಆಗ ಐದು ಜನರ ಮುಂದೆ ಮಾಡಿದ ಆಣೆ. ಈಗ ಜಗತ್ತಿನ ಮುಂದೆ. ನನಗೆ ತಡೆಯಲಾಗಲಿಲ್ಲ.

"ಬ್ಯಾಡ್ರಿ! ಮುಟ್ಟಬ್ಯಾಡ್ರಿ. ಅವತ್ತ ಮಗ್ಗಾ ನಡದಿತ್ತು. ನಾನ ನೇಯ್ದಿದ್ದೆ. ನಿಮ್ಮ ಕಡಿಂದ ಸುಳ್ಳ ಆಣಿ ಮಾಡಿಸೇನಿ" ಎಂದೆ. ಮೇಘಾ ಫೋನು ಇಳಿಸುವುದನ್ನೇ ಮರೆತಳು.

ಅವರು ಪ್ಲೇಟಿನ ಮೇಲಿನ ಧೂಳನ್ನು ಧೋತರದ ತುದಿಯಿಂದ ಒರೆಸಿದರು. ಆಮೇಲೆ ನನ್ನ ಕಡೆ ನೋಡಿ ಹೇಳಿದರು:

"ಈ ಪ್ಲೇಟಿಂದು ಒಂದ್ ಮಗ್ಗಲಾ ಇಪ್ಪತ್ತ ನಿಮಿಷಕ್ಕ ಮುಗೀತೈತಿ. ನೀ ನೇಯ್ದದ್ದು ಎರಡೂವರಿ ತಾಸು. ಊರ ಮಂದಿ ಮ್ಯಾಲೆಲ್ಲಾ ಸಂಶೇ ಪಡಾಕಿ, ಅಷ್ಟೊತ್ತನಾ ಇದನ್ನ ಮಗಚಿ ಮಗಚಿ ಹಾಕಾಕತ್ತಿದ್ದಾಂವ ಯಾರು ಅಂತ ಒಂದ್ ದಿನಾನೂ ಕೇಳ್ಲಿಲ್ಲಲ್ಲಲೇ!"