ಎರಡು ವರ್ಷ ಇಳಿಸಿ ಹೇಳಿದ ವಯಸ್ಸು

ಮಕ್ಕಳೇ, ನಿಮ್ಮ ಸೋದರತ್ತೆ, ನನ್ನ ಮಗಳು, ಗಿಡ್ಡಗಿರುವುದಕ್ಕೆ ಮೊನ್ನೆ ನೀವು ನಕ್ಕಿರಿ. ನನಗೆ ಮೈ ಉರಿಯಿತು. ಎದುರಿಗೆ ಕೂರಿಸಿಕೊಂಡು ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹತ್ತು ತುಂಬಿದರೂ ಅವಳು ಆರು ವರ್ಷದ ಮಗುವಿನಷ್ಟೇ ಇದ್ದಳು. ತೊಂಬತ್ತನೇ ಇಸವಿಯ ಈಚೆಗಿನ ಮಾತು. ನಾನೂ ನಿಮ್ಮ ತಾತನೂ ಅವಳನ್ನು ಶಿಡ್ಲಘಟ್ಟದಿಂದ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರು ಅವಳ ಕೈಯ ಎಕ್ಸ್‌ರೇ ತೆಗೆಸಿದರು, ನಮ್ಮಿಬ್ಬರ ಎತ್ತರ ಅಳೆದರು, ಅವಳ ವಯಸ್ಸು ಕೇಳಿದರು. ದಿನಾ ಒಂದು ಹಾರ್ಮೋನ್ ಇಂಜೆಕ್ಷನ್ ಕೊಟ್ಟರೆ ವರ್ಷದೊಳಗೆ ನಾಲ್ಕು ಬೆರಳು ಬೆಳೆಯುತ್ತಾಳೆ ಎಂದು ಖಚಿತವಾಗಿ ಹೇಳಿದರು.

ವಯಸ್ಸು ಎಂಟು ಎಂದದ್ದು ನಿಮ್ಮ ತಾತ. ಗಿಡ್ಡ ಹುಡುಗಿ, ಮುಂದೆ ಗಂಡು ಸಿಗುವುದು ಕಷ್ಟ ಎಂದು ಅವರ ತಾಯಿ ಶಾಲೆಯಲ್ಲಿ ಎರಡು ವರ್ಷ ಇಳಿಸಿ ಬರೆಸಿದ್ದರು. ಡಾಕ್ಟರ ಮುಂದೆಯೂ ಅದೇ ಸುಳ್ಳು. ನಾನು ತಲೆ ತಗ್ಗಿಸಿ ಕುಳಿತಿದ್ದೆ.

ನಮ್ಮ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಎದುರು ಮನೆಯಲ್ಲಿದ್ದ, ಗೂಡಿನಿಂದ ನೂಲು ತೆಗೆಸುವ ರೇಷ್ಮೆ ರೀಲರ್ ಸಾಹೇಬರ ಹೆಂಡತಿ ಔಷಧಿ ಇಟ್ಟುಕೊಂಡರು. "ಮಾಂಸದ ಪಾತ್ರೆ ಕೆಳಗಿದೆ ಅಕ್ಕಾ, ನಿಮ್ಮ ಔಷಧಿ ಮೇಲೆ. ನಮ್ಮೋರು ಮುಟ್ಟಿದ್ರೆ ಅವರ ಕೈಗೇ ಸೂಜಿ!" ಎಂದು ನಗುತ್ತಿದ್ದರು. ಸಂಜೆ ನಮ್ಮ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ ಕೈ ತೊಳೆದು ನಾನೇ ಚುಚ್ಚುತ್ತಿದ್ದೆ. ಹಬ್ಬದ ದಿನವೂ ತಪ್ಪಿಸಲಿಲ್ಲ.

ವರ್ಷ ಕಳೆದು ಮತ್ತೆ ಬೆಂಗಳೂರಿಗೆ ಹೋಗಿ ಅಳೆಸಿದರೆ ಒಂದೂವರೆ ಬೆರಳು.

"ಸರಿಯಾಗಿ ಚುಚ್ಚಿಲ್ಲ ನೀವು," ಎಂದರು ಡಾಕ್ಟರು. "ಇಲ್ಲಾ ಬಿಸಿಲಲ್ಲಿಟ್ಟು ಕೆಡಿಸಿದೀರ. ಹಳ್ಳಿಯವರಿಗೆ ಎಷ್ಟು ಹೇಳಿದ್ರೂ ಅಷ್ಟೇ. ನಿಲ್ಲಿಸಿಬಿಡೋಣ."

ಅವಳು ನನ್ನ ಸೆರಗು ಹಿಡಿದುಕೊಂಡಳು. ನಾನು ಅವಳ ರವಿಕೆಯ ತೋಳು ಮೇಲೆತ್ತಿದೆ.

"ನೋಡಿ ಸ್ವಾಮಿ, ಎಷ್ಟು ಕಲೆ! ಒಂದಿನ ಬಿಟ್ಟಿಲ್ಲ. ಇವಳಿಗೆ ಒಂಬತ್ತಲ್ಲ, ಹನ್ನೊಂದು. ಸುಳ್ಳು ಹೇಳಿದ್ದು ನಾವು."

"ಏಯ್, ಸುಮ್ನಿರೇ!" ಎಂದರು ನಿಮ್ಮ ತಾತ.

"ಒಂದು ವರ್ಷ ಸುಮ್ನೇ ಇದ್ನಲ್ಲ!"

ಡಾಕ್ಟರು ಕನ್ನಡಕ ತೆಗೆದರು. "ಮೊದಲೇ ಹೇಳಬಾರದೇನಮ್ಮ? ವಯಸ್ಸು ಹೆಚ್ಚಿದ್ರೆ ಲೆಕ್ಕನೇ ಬೇರೆ. ಅದೂ ಅಲ್ದೆ ಒಂದೇ ಔಷಧಿಗೆ ಒಂದೊಂದು ಮಗು ಒಂದೊಂದು ಥರ ಬೆಳೆಯತ್ತೆ."

ಇದು ಗೊತ್ತಿದ್ದವರು ನನ್ನ ಕೈಯನ್ನೇಕೆ ದೂರಿದರು? ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. "ನಿಲ್ಲಿಸ್ಬೇಡಿ," ಎಂದಷ್ಟೇ ಹೇಳಿ, ಚೀಟಿಯಲ್ಲಿ ಹನ್ನೊಂದು ಎಂದು ತಿದ್ದಿಸಿ, ಮುಂದಿನ ವರ್ಷದ ಔಷಧಿ ಬರೆಸಿಕೊಂಡೇ ಎದ್ದೆ.

ಬಸ್ಸಿನಲ್ಲಿ ನಿಮ್ಮ ತಾತ ನನ್ನ ಪಕ್ಕ ಕೂರಲಿಲ್ಲ. ಕೂರದಿದ್ದರೆ ಬೇಡ ಎಂದು ಮಗಳನ್ನು ಕಿಟಕಿಯ ಪಕ್ಕ ಕೂರಿಸಿಕೊಂಡೆ.