ಡ್ರಾಯಿಂಗ್ ಮಾಸ್ಟರ ತಾಮ್ರದ ಮೆರುಗು

ಎಂಬತ್ತರ ದಶಕದಲ್ಲಿ ಕೊಯಮತ್ತೂರಿನ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಡ್ರಾಯಿಂಗ್ ಮಾಸ್ಟರು ಇದ್ದರು. ಅವರ ಹಿತ್ತಿಲಲ್ಲಿ ಮಡಕೆ ಸುಡುವ ಒಂದು ಪುಟ್ಟ ಗೂಡು. ತಾಮ್ರದ ಪುಡಿ ಬೆರೆಸಿದ ಮೆರುಗನ್ನು ಮಡಕೆಗೆ ಬಳಿದು, ಕೆಂಪಗೆ ಕಾಯಿಸಿ, ಉದ್ದನೆಯ ಇಕ್ಕಳದಿಂದ ಎತ್ತಿ, ಮಿಲ್ಲಿನ ವೇಸ್ಟ್ ಹತ್ತಿ ತುಂಬಿದ ಕಬ್ಬಿಣದ ಡ್ರಮ್ಮಿಗೆ ಇಳಿಸಿ ಮುಚ್ಚಿಬಿಡುವರು. ಇದಕ್ಕೆ ರಾಕು ಎನ್ನುತ್ತಾರೆಂದು ಅವರೇ ಹೇಳಿದ್ದು. ಹತ್ತಿ ಹೊತ್ತಿ ಏಳುವ ಹೊಗೆಯಲ್ಲಿ ಮಡಕೆಗೆ ಲೋಹದ ಹೊಳಪು ಬರಬೇಕಿತ್ತು. ಬರುತ್ತಿದ್ದುದು ಬರೀ ಕಪ್ಪು. ಪ್ರತಿ ಸಲವೂ ಕನ್ನಡಕವನ್ನು ಹಣೆಗೇರಿಸಿ, “ಇನ್ನೊಂದು ಚಿಟಿಕೆ ಹಾಕಿದ್ರೆ ಬಂದ್ಬಿಡುತ್ತೆ, ಅಮ್ಮಣೀ” ಎಂದು ಆಗಿನ್ನೂ ಚಿಕ್ಕ ಹುಡುಗಿಯಾಗಿದ್ದ ನನಗೆ ಹೇಳುವರು, ತಾಮ್ರವನ್ನು ಹೆಚ್ಚಿಸುವರು.

ಬೇಸಿಗೆ ಬಂದು ನಲ್ಲಿ ನೀರು ಮೂರು ದಿನಕ್ಕೊಮ್ಮೆಯಾಯಿತು. ನಾನು ಅಕ್ಕ ಎಂದು ಕರೆಯುತ್ತಿದ್ದ ಅವರ ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟರು: “ಇದೇ ಕಡೇ ಸಲ. ಇದೂ ದೋಸೆಕಲ್ಲಿನ ತಳದ ಹಾಗೆ ಬಂದ್ರೆ, ಈ ಡ್ರಮ್ ತೊಳ್ದು ನೀರು ಹಿಡೀತೀನಿ.”

ಮಾಸ್ಟರು ಮತ್ತೆ ತಾಮ್ರದ ಡಬ್ಬಿಗೇ ಕೈ ಹಾಕಿದರು. ಅಕ್ಕನಿಗೆ ನಗು ತಡೆಯಲಿಲ್ಲ.

“ಏನ್ರೀ, ರಸಂ ಉಪ್ಪಾದ್ರೆ ಇನ್ನೂ ಉಪ್ಪು ಹಾಕ್ತಾರಾ?”

ಅವರ ಕೈ ಅಲ್ಲೇ ನಿಂತಿತು. ತಾಮ್ರವನ್ನು ಅರ್ಧಕ್ಕಿಳಿಸಿ ಹೊಸದಾಗಿ ಕಲಸಿದರು, ಬಳಿದು ಸುಟ್ಟರು.

ಡ್ರಮ್ಮಿನ ಮುಚ್ಚಳ ತೆಗೆದಾಗ ನಾನು ಕಿರುಚಿಯೇಬಿಟ್ಟೆ. ಮಡಕೆಯ ಒಂದು ಮಗ್ಗುಲು ಹುಣಸೆಹಣ್ಣಿನಲ್ಲಿ ತಿಕ್ಕಿದ ಚೊಂಬಿನಂತೆ, ಇನ್ನೊಂದು ನವಿಲಿನ ಕೊರಳಿನಂತೆ! ಮಾಸ್ಟರು ಹೆಂಡತಿಯ ಮುಖವನ್ನೇ ನೋಡಿದರು.

ಅಕ್ಕ ಸೆರಗು ಸಿಕ್ಕಿಸಿಕೊಂಡು ಬಚ್ಚಲುಮನೆಗೆ ಹೋದರು. ಅಲ್ಲಿದ್ದ ಇನ್ನೊಂದು ಡ್ರಮ್ಮಿನ ನೀರನ್ನು ಬಿಂದಿಗೆಗಳಿಗೆ ತುಂಬಿ, ಅದನ್ನೂ ಮಾಸ್ಟರ ಮಡಕೆಗಳಿಗೆಂದು ಖಾಲಿ ಮಾಡತೊಡಗಿದರು.