ಚೆರಿ ಕಣದ ಕರಾಟೆ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮಲೆನಾಡಿನ ಸಂಸೆ ಹತ್ತಿರದ ನಮ್ಮ ಸಣ್ಣ ಕಾಫಿ ತೋಟದಲ್ಲಿ ಕರಾಟೆ ಕ್ಲಾಸು ನಡೆಯುತ್ತಿತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಆಗ ಕಣ್ಣಾರೆ ಕಂಡವರೂ ನಂಬಿರಲಿಲ್ಲ. ನಮ್ಮ ಸುತ್ತಮುತ್ತ ಸಮತಟ್ಟು ಜಾಗ ಎಂದರೆ ಕಾಫಿ ಹಣ್ಣು, ನಮ್ಮ ಮಾತಿನಲ್ಲಿ ಚೆರಿ, ಒಣಗಿಸುವ ಕಣ ಒಂದೇ. ಕಣ ಅಪ್ಪನದು, ಅಪ್ಪ ಪುಕ್ಕಟೆ ಏನನ್ನೂ ಕೊಡುವವರಲ್ಲ.

"ಚೆರಿ ಹರಡಿದ್ದಾಗ್ಲೂ ಕುಣ್ಕೊಳಿ. ಆದ್ರೆ ಕಾಲು ಎತ್ತಬಾರ್ದು, ಎಳ್ಕೊಂಡು ಹೋಗ್ಬೇಕು. ಕಾಫಿನೂ ತಿರುವಿದಂಗಾಗುತ್ತೆ" ಎಂದರು.

ಮಾಸ್ಟರು ಕಳಸದಲ್ಲಿ ಜೀಪು ರಿಪೇರಿ ಮಾಡುತ್ತಿದ್ದ ಸಾಹೇಬರು. ಗ್ಯಾರೇಜು ಕೆಲಸ ಕಲಿಯಲು ಮಂಗಳೂರಿಗೆ ಹೋದಾಗ ಒಂದು ಶೈಲಿಯ ಕರಾಟೆ, ಬೊಂಬಾಯಿಗೆ ಹೋದಾಗ ಇನ್ನೊಂದು ಶೈಲಿಯದನ್ನು ಕಲಿತು ಬಂದಿದ್ದರು. ಎದುರಾಳಿ ಇದ್ದಾನೆಂದು ಭಾವಿಸಿಕೊಂಡು ಒಬ್ಬರೇ ಮಾಡುವ ವರಸೆಗೆ ಕಟಾ ಎನ್ನುತ್ತಾರೆ. ಮಂಗಳೂರಿನ ಕಟಾದಲ್ಲಿ ಮಂಡಿ ಬಗ್ಗಿಸಿ ಅಗಲವಾಗಿ ನಿಲ್ಲಬೇಕು. ಬೊಂಬಾಯಿಯದರಲ್ಲಿ ಗಿಡ್ಡ ಹೆಜ್ಜೆ. ಮಾಸ್ಟರು ಎರಡನ್ನೂ ಕಲಿಸಿದರು, ಅದೂ ಆಮೆ ನಡಿಗೆಯಲ್ಲಿ.

"ಫಸ್ಟ್ ಗೇರಲ್ಲಿ ಘಾಟಿ ಹತ್ತಿಸ್ದಾಗ್ಲೇ ಗಾಡಿ ಹೆಂಗಿದೆ ಅಂತ ಗೊತ್ತಾಗೋದು ತಂಗಿ" ಎನ್ನುತ್ತಿದ್ದರು.

ನಾನು ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಕ್ಲಾಸಿನಲ್ಲಿ ನಾನೊಬ್ಬಳೇ ಹುಡುಗಿ. ನನಗೆ ಕಪ್ಪು ಬೆಲ್ಟಿಗೆ ಒಂದೇ ಮೆಟ್ಟಿಲು ಕೆಳಗಿನ ಕಂದು ಬೆಲ್ಟು ಬೇಕಿತ್ತು. ಆಸೆ ಅಲ್ಲ, ಹಟ. ಅಪ್ಪ ಮಾತ್ರ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಬೆಲ್ಟಿನ ಪರೀಕ್ಷೇಲಿ ಫೇಲಾದ್ರೆ ಅಲ್ಲಿಗೆ ಮುಗೀತು. ಆಮೇಲೆ ಕರಾಟೆ ಗಿರಾಟೆ ಅಂದ್ರೆ ನೋಡು."

ಪರೀಕ್ಷಕರು ಚಿಕ್ಕಮಗಳೂರಿನಿಂದ ಬಂದರು. ಗಂಜಿ ಹಾಕಿದ ಬಿಳೀ ದಿರಿಸು, ಹುರಿ ಮೀಸೆ. ಕಣದ ತುಂಬ ಅರೆಬರೆ ಒಣಗಿದ ಅರೇಬಿಕಾ ಹಣ್ಣು ಹರಡಿತ್ತು; ರೊಬಸ್ಟಾ ಜಾತಿಯ ಕಾಫಿ ಕುಯ್ಲಿಗೆ ಇನ್ನೂ ತಿಂಗಳೆರಡು ಇತ್ತು. ಹರಡಿದ್ದನ್ನು ಒಂದು ಕಡೆ ಗುಡ್ಡೆ ಮಾಡಿಸಿ ಎಂದರು ಪರೀಕ್ಷಕರು.

"ಇಂಥಾ ಬಿಸ್ಲಲ್ಲಾ? ನಿಮ್ಮ ಪಾಡಿಗೆ ನೀವು ಪರೀಕ್ಷೆ ಮಾಡಿ, ಅದರ ಪಾಡಿಗೆ ಅದು ಒಣಗ್ಲಿ" ಎಂದು ಅಪ್ಪ ಜಗುಲಿಯಲ್ಲೇ ಕುಳಿತರು.

ನನ್ನ ಸರದಿ ಬಂತು. ಅಭ್ಯಾಸ ಬಲದಿಂದ ಚೆರಿಯಲ್ಲಿ ಕಾಲೆಳೆಯುತ್ತ ಮಂಗಳೂರಿನ ಕಟಾ ಮಾಡಿದೆ. ಪ್ರತಿ ತಿರುವಿನಲ್ಲೂ ಹಿಂದಿರುಗಿ ಒಮ್ಮೆ ನೋಡಿದೆ.

"ಹಿಂದ್ಗಡೆ ಯಾವ ಶತ್ರು ಇದಾನಮ್ಮ?" ಎಂದು ಪರೀಕ್ಷಕರು ಕೇಳಿದರು.

"ಶತ್ರು ಅಲ್ಲ ಸರ್. ಚೆರಿ ಸಾಲು ನೆಟ್ಟಗೆ ಬಂತಾ ಅಂತ ನೋಡ್ದೆ."

ಮಾಸ್ಟರು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

"ಇದು ಕರಾಟೆನಾ, ಕಣದ ಕೆಲಸಾನಾ? ಸ್ಪೀಡ್ ಎಲ್ಲಿ?" ಎಂದು ರೇಗಿ ಪರೀಕ್ಷಕರು ತಾವೇ ತೋರಿಸಲು ಕಣಕ್ಕಿಳಿದರು. ಒಂದು ಹೊಡೆತ ಚೆನ್ನಾಗಿಯೇ ಬಂತು. ಒದೆಯಲು ಕಾಲೆತ್ತಿದರು ನೋಡಿ, ಊರಿದ ಕಾಲು ಹಣ್ಣಿನ ಮೇಲೆ ಮುಂದಕ್ಕೆ ಹೋಯಿತು, ಅವರು ಹಿಂದಕ್ಕೆ ಹೋದರು. ಧೊಪ್ಪನೆ ಕುಳಿತ ಸದ್ದು ಜಗುಲಿಗೂ ಕೇಳಿಸಿತು.

"ಹಂಗೇ ಆ ಮೂಲೆಗೂ ಬನ್ನಿ ಸ್ವಾಮಿ, ಅಲ್ಲಿ ಇನ್ನೂ ತಿರುವಿಲ್ಲ" ಎಂದರು ಅಪ್ಪ.

ನನಗೆ ನಗು ಉಕ್ಕಿ ಬರುತ್ತಿತ್ತು, ಅದರ ಹಿಂದೆಯೇ ಅಳು. ಬೆಲ್ಟು ಕೈತಪ್ಪಿತು ಎಂದೇ ಅಂದುಕೊಂಡೆ. ಅವರು ಎದ್ದು ಹಿಂದೆ ಅಂಟಿದ ಸಿಪ್ಪೆ ಕೊಡವಿಕೊಂಡರು, ಚೆರಿಯಲ್ಲಿ ನನ್ನ ಕಾಲು ಎಳೆದಿದ್ದ ನೆಟ್ಟನೆಯ ಸಾಲುಗಳನ್ನು ಬಗ್ಗಿ ನೋಡಿದರು.

"ನಮ್ದು ಗಿಡ್ಡ ಹೆಜ್ಜೆ ಶೈಲಿ. ಅದು ಬರುತ್ತಾ ನಿಂಗೆ?"

"ಬರುತ್ತೆ ಸರ್. ನಿಧಾನಕ್ಕೆ ಬರುತ್ತೆ."

ಬೊಂಬಾಯಿಯ ಕಟಾ ಶುರು ಮಾಡಿದೆ. ಅವರೂ ಪಕ್ಕದಲ್ಲಿ ನಿಂತು ಕಾಲೆಳೆಯತೊಡಗಿದರು. ಮೊದಮೊದಲು ಅವರು ನನಗಿಂತ ಮುಂದೆ ಓಡಿ ತಡವರಿಸುತ್ತಿದ್ದರು. ಬರುಬರುತ್ತ ಇಬ್ಬರ ಉಸಿರೂ ಒಂದಾಯಿತು. ಕೊನೆಗೆ ಮಾಸ್ಟರ ಕಡೆ ತಿರುಗಿ, "ಒಂದು ಹೆಜ್ಜೆನೂ ಕದ್ದಿಲ್ಲ ಕಣ್ರೀ ಈ ಹುಡುಗಿ" ಎಂದರು. ಚೀಲದಿಂದ ಬೆಲ್ಟು ತೆಗೆದು ನನ್ನ ಕೈಗಿಟ್ಟರು.

ನಾನು ಬರಿಗಾಲಲ್ಲೇ ಜಗುಲಿಗೆ ಓಡಿದೆ. ಅಪ್ಪ ಬೆಲ್ಟನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟರು. ಕಣದ ಕಡೆ ನೋಡುತ್ತ ಕೇಳಿದರು:

"ಮುಂದಿನ ಪರೀಕ್ಷೆ ಯಾವಾಗ ಮಾರಾಯ್ತಿ? ರೊಬಸ್ಟಾ ಕುಯ್ಲಿಗೆ ಸರಿಯಾಗಿ ಇಡ್ಸು."